ಪಾಪಾಸುಕಳ್ಳಿಗೆ ನಾನು ಹೇಳಿದ ಸಾಕ್ಷಿ

ಬೇಲೂರಿನ ನಮ್ಮ ಮನೆಯ ಹಿತ್ತಲಲ್ಲಿ ಎಂಟು ವರ್ಷ ನಾನು ಒಂದು ಪಾಪಾಸುಕಳ್ಳಿ ಗಿಡಕ್ಕೆ ಪ್ರದಕ್ಷಿಣೆ ಹಾಕಿದ್ದೇನೆ. ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು, ದಿನಕ್ಕೆ ಮೂರು ಸುತ್ತು. ಸೆರಗು ಮುಳ್ಳಿಗೆ ಸಿಕ್ಕದ ದಿನವೇ ಇರಲಿಲ್ಲ. ಆ ಗಿಡ ಪಾಪ ಕಳೆಯುತ್ತದೆ ಎಂದು ಮನೆಯವರೆಲ್ಲ ನಂಬಿದ್ದರು. ಹಾಗೇನೂ ಇಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಯಾಕೆಂದರೆ ಆ ಗಿಡ ಅಲ್ಲಿಗೆ ಬಂದು ಕೂತದ್ದೇ ನಾನು ಹೇಳಿದ ಒಂದು ಸುಳ್ಳಿನಿಂದ.

ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ನಮ್ಮ ತಂದೆ ಹಳೇಬೀಡಿನಲ್ಲಿ ಪೂಜೆ ಮಾಡುತ್ತಿದ್ದರು. ಬಸ್ಸಿಳಿದವರೆಲ್ಲ ಹೋಗುವ ದೊಡ್ಡ ದೇವಸ್ಥಾನದಲ್ಲಲ್ಲ. ಅಲ್ಲಿಂದ ಸಾಕಷ್ಟು ದೂರದಲ್ಲಿ, ಯಾರೂ ಫೋಟೋ ತೆಗೆಯದ ಒಂದು ಚಿಕ್ಕ ಈಶ್ವರನ ಗುಡಿಯಲ್ಲಿ. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಅದೇ ಊರಿನ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ. ಐವತ್ತರ ದಶಕದ ಕೊನೆಯ ಮಾತು.

ತಮ್ಮನಿಗೆ ಒಂದು ಹುಚ್ಚಿತ್ತು. ಸ್ಕೂಲಿನ ಹಿಂದಿನ ಬಯಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಗಿಡ ತೋರಿಸಿದರೆ, ಒಂದೊಂದು ಮನೆಯ ಮಗು ಒಂದೊಂದು ಹೆಸರು ಹೇಳುತ್ತಿತ್ತು. ಬೇರೆ ಮೇಷ್ಟ್ರಾಗಿದ್ದರೆ ತನಗೆ ಗೊತ್ತಿದ್ದ ಹೆಸರನ್ನು ಸರಿ ಎಂದು, ಉಳಿದ ಮಕ್ಕಳ ಬೆನ್ನಿಗೆ ಎರಡು ಕೊಟ್ಟು, ಮುಂದಿನ ಪಾಠಕ್ಕೆ ಹೋಗುತ್ತಿದ್ದ. ಇವನು ಎಲ್ಲವನ್ನೂ ಬರೆದುಕೊಂಡ. ದಪ್ಪ ರಟ್ಟಿನ ಒಂದು ಪುಸ್ತಕಕ್ಕೆ ಗೆರೆ ಎಳೆದು ಮನೆ ಮಾಡಿದ: ಗಿಡ, ಹೆಸರು, ಯಾವ ಭಾಷೆ, ಏನು ಅರ್ಥ. ಕೊನೆಯ ಮನೆ 'ಹೇಳಿದವರು'. ಆ ಕೊನೆಯ ಮನೆ ಖಾಲಿ ಇದ್ದರೆ ಹೆಸರನ್ನು ಅವನು ಸೇರಿಸುತ್ತಲೇ ಇರಲಿಲ್ಲ. "ಯಾರು ಹೇಳಿದರು ಅಂತ ಗೊತ್ತಿಲ್ಲದ ಮಾತು ಚಾಡಿ ಕಣೇ ಅಕ್ಕ, ವಿದ್ಯೆ ಅಲ್ಲ" ಎನ್ನುತ್ತಿದ್ದ. ಪುಸ್ತಕ ಅಚ್ಚಾಗಬೇಕು ಎನ್ನುವುದು ಅವನಿಗಿದ್ದ ಒಂದೇ ಆಸೆ. ಬೇಲೂರಿನಲ್ಲಿ ನಿವೃತ್ತರಾದ ಒಬ್ಬ ಸಂಸ್ಕೃತ ಪಂಡಿತರಿದ್ದರು. ಅವರು ನಾಲ್ಕು ಸಾಲು ಮೆಚ್ಚಿಕೆ ಬರೆದುಕೊಟ್ಟರೆ ಮೈಸೂರಿನಲ್ಲಿ ಅಚ್ಚು ಹಾಕುವವರು ಸಿಗುತ್ತಾರೆ ಎಂದು ಯಾರೋ ಹೇಳಿದ್ದರು. ಅಲ್ಲಿಂದ ಅವನ ಪಾಲಿಗೆ ಆ ನಾಲ್ಕು ಸಾಲೇ ಕೈಲಾಸವಾಯಿತು.

ಆಗ ಅರಸೀಕೆರೆಯಲ್ಲಿದ್ದ ನಮ್ಮ ಚಿಕ್ಕಮ್ಮನ ಬಾಣಂತನಕ್ಕೆ ಸಹಾಯವಾಗಲೆಂದು ನನ್ನನ್ನು ಆರು ತಿಂಗಳು ಕಳಿಸಿದರು. ಚಿಕ್ಕಪ್ಪ ರೈಲ್ವೆಯಲ್ಲಿ ಗುಮಾಸ್ತರು. ರೈಲ್ವೆ ಕ್ವಾರ್ಟರ್ಸ್ ಎಂದರೆ ಗೋಡೆಗೊಂದು ಭಾಷೆ. ಈ ಮನೆಯ ಒಗ್ಗರಣೆಗೆ ಆ ಮನೆಯವರು ತಮಿಳಿನಲ್ಲಿ ಸೀನುತ್ತಿದ್ದರು. ತಮ್ಮ ಕಾಗದ ಬರೆದ: "ಅಕ್ಕ, ನಿನ್ನ ಸುತ್ತ ಇಷ್ಟು ಜನ ಇದ್ದಾರೆ. ಪಾಪಾಸುಕಳ್ಳಿಗೆ ಯಾರು ಏನನ್ನುತ್ತಾರೆ ಕೇಳಿ ತಿಳಿಸು. ಅರ್ಥ ಕೇಳುವುದನ್ನು ಮರೆಯಬೇಡ."

ಪಾಪಾಸುಕಳ್ಳಿ ಗೊತ್ತಲ್ಲ. ಅಂಗೈಯಷ್ಟಗಲದ ದಪ್ಪ ಹಸಿರು ಬಿಲ್ಲೆಗಳು ಒಂದರ ತಲೆಯ ಮೇಲೊಂದು ಹುಟ್ಟಿ, ಮೈತುಂಬ ಮುಳ್ಳು, ತುದಿಯಲ್ಲಿ ಕೆಂಪು ಹಣ್ಣು. ಯಾವುದೋ ಕಾಲದಲ್ಲಿ ಹಡಗಿನಲ್ಲಿ ಪರದೇಶದಿಂದ ಬಂದು ಊರೂರಿನ ಬೇಲಿ ತುಂಬಿತಂತೆ. ಅದನ್ನು ತಿನ್ನುವ ಹುಳ ಬಿಟ್ಟು ಸಾಯಿಸಿದರಂತೆ. ಸಾಯದೆ ಉಳಿದದ್ದು ಅರಸೀಕೆರೆಯ ಕಡೆ ಆಗಲೂ ಬೇಕಾದಷ್ಟಿತ್ತು.

ನಾನು ಕೇಳಲು ಶುರು ಮಾಡಿದೆ. ಎಡಗಡೆ ಮನೆಯ ತೆಲುಗಿನಾಕೆ ನಾಗಜೆಮುಡು ಎಂದರು. ಉತ್ತರ ಭಾರತದ ಕಡೆಯ ಗಾರ್ಡ್ ಒಬ್ಬರು ನಾಗಫನಿ ಎಂದರು. ಇಬ್ಬರಿಗೂ ಆ ಬಿಲ್ಲೆಯಲ್ಲಿ ಹೆಡೆ ಎತ್ತಿದ ಹಾವೇ ಕಂಡಿತ್ತು. ಬಲಗಡೆಯ ತಮಿಳರ ಮನೆಯಲ್ಲಿ ಸಪ್ಪಾತ್ತಿ ಕಳ್ಳಿ. ಚಪಾತಿಯ ಹಾಗಿರುವುದರಿಂದ ಆ ಹೆಸರು ಎಂದು ಗಂಡ ಹೇಳಿದರು. ಸಪ್ಪಾತ್ತು ಎಂದರೆ ಬೂಟು, ಬೂಟಿನ ಅಟ್ಟೆಯ ಹಾಗಿರುವುದರಿಂದ ಆ ಹೆಸರು ಎಂದು ಹೆಂಡತಿ ಹೇಳಿದರು. "ಇವರಿಗೆ ಯಾವಾಗಲೂ ತಿನ್ನೋದರ ಮೇಲೇ ಧ್ಯಾನ" ಎಂದೂ ಸೇರಿಸಿದರು. ಆ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಮರಾಠಿ ಟೈಲರೊಬ್ಬರು ನಿವಡುಂಗ ಎಂದರು. ಅರ್ಥ ಕೇಳಿದೆ. "ಮುಳ್ಳಿದೆ, ಮುಟ್ಟಬೇಡಿ. ಇದಕ್ಕಿಂತ ಅರ್ಥ ಏನು ಬೇಕು" ಎಂದರು.

ಬೇರೆಯವರ ಭಾಷೆಗೆಲ್ಲ ಏನೋ ಒಂದು ಅರ್ಥ ಸಿಕ್ಕಿತು. ನಮ್ಮದೇ ಭಾಷೆಯಲ್ಲಿ ಪಾಪಾಸು ಎಂದರೆ ಏನು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಪಾಪಿಗಳ ಹೊಲದಲ್ಲಿ ಬೆಳೆಯುತ್ತದೆ, ಅದಕ್ಕೇ ಎಂದರು ಚಿಕ್ಕಮ್ಮ. ಕಣಕಟ್ಟೆಯಿಂದ ತೆಂಗಿನಕಾಯಿ ತರುತ್ತಿದ್ದ ಹೆಂಗಸನ್ನು ಕೇಳಿದೆ. "ಪಾಪಾಸ್ಕಳ್ಳಿ ಅಂದ್ರೆ ಪಾಪಾಸ್ಕಳ್ಳಿ ಕಣವ್ವ. ಬೇಲೀಲಿ ಐತೆ, ದನ ನುಗ್ಗಾಕಿಲ್ಲ. ಅದ್ರ ಜಾತಕ ಕಟ್ಕೊಂಡು ನಿಂಗೇನಾಗ್ಬೇಕು? ಮದ್ವೆ ಮಾಡ್ಸೀಯಾ?" ಎಂದಳು.

ಅದು ಗೊತ್ತಾದದ್ದು ಚಿಕ್ಕಮ್ಮನ ಚಪ್ಪಲಿಯ ಬಾರು ಕಿತ್ತ ದಿನ. ಪೇಟೆಯ ಕೊನೆಯಲ್ಲಿ ವಯಸ್ಸಾದ ಸಾಬರೊಬ್ಬರ ಚಪ್ಪಲಿ ಅಂಗಡಿ. ಅವರು ಬಾರು ಹೊಲಿಯುವವರೆಗೆ ನಾನು ಹೊರಗೆ ಬಿಸಿಲಲ್ಲಿ ನಿಂತಿದ್ದೆ. ಅಂಗಡಿಯ ಪಕ್ಕದಲ್ಲೇ ಆಳೆತ್ತರದ ಪಾಪಾಸುಕಳ್ಳಿ. ಅಭ್ಯಾಸಬಲದಿಂದ ಕೇಳಿಬಿಟ್ಟೆ. ಸಾಬರು ದಬ್ಬಳ ಕೆಳಗಿಟ್ಟು, ಅರ್ಧ ಹೊಲಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಎದ್ದು ಬಂದು ಅದನ್ನು ಗಿಡದ ಒಂದು ಬಿಲ್ಲೆಯ ಪಕ್ಕಕ್ಕೆ ಹಿಡಿದರು. ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

"ಇದು ಏನು ತಾಯಿ?"

"ಚಪ್ಪಲಿ."

"ನೀವು ಚಪ್ಪಲಿ ಅಂತೀರಾ. ನಮ್ಮ ದಾದಾ, ಅಂದ್ರೆ ತಾತ, ಪಾಪೋಸ್ ಅಂತಿದ್ರು. ಪಾ ಅಂದ್ರೆ ಕಾಲು, ಪೋಶ್ ಅಂದ್ರೆ ಮುಚ್ಚೋದು. ಫಾರ್ಸಿ ಮಾತು. ಕಚೇರಿ ಜನ, ಸಿಪಾಯಿಗಳು, ಎಲ್ಲಾ ಹಂಗೇ ಅಂತಿದ್ರಂತೆ. ನೋಡಿ, ಜೋಡಿ ಜೋಡಿ ಪಾಪೋಸ್ ಬಿಸಿಲಿಗೆ ಒಣಗೋಕೆ ಹಾಕ್ದಂಗಿಲ್ವಾ ಗಿಡ? ಅದಕ್ಕೇ ಪಾಪಾಸ್ ಕಳ್ಳಿ. ಇದನ್ನ ಕೇಳಕ್ಕೆ ಇಲ್ಲಿವರೆಗೆ ಯಾರೂ ಬಂದಿಲ್ಲ ನೋಡಿ. ಎಲ್ರೂ ಬಾರು ಹೊಲ್ಸಿ ಹೋಗ್ತಾರೆ."

ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಬಂದು ಒಂದು ಮಣೆ ಹಾಕಿ ಕೂರಿಸಿ, ಲೋಟದಲ್ಲಿ ಟೀ ತಂದರು. "ನೀವು ಕುಡಿಯಲ್ಲ ಅಂತ ಗೊತ್ತಮ್ಮ. ಕೇಳದೆ ಇದ್ರೆ ನಮಗೆ ಸಮಾಧಾನ ಇಲ್ಲ, ಅದಕ್ಕೆ ತಂದೆ" ಎಂದರು. ನಾನು ಕುಡಿದೆ. ಹಾಲು ಜಾಸ್ತಿ, ಏಲಕ್ಕಿ ಹಾಕಿದ ಟೀ. ಆ ಸಂಜೆಯೇ ಎಲ್ಲವನ್ನೂ ತಮ್ಮನಿಗೆ ಬರೆದೆ. ಚಪ್ಪಲಿ ಹಿಡಿದು ತೋರಿಸಿದ್ದು, ಪಾ, ಪೋಶ್, ಮಣೆ, ಟೀ, ಒಂದನ್ನೂ ಬಿಡಲಿಲ್ಲ. "ಅಪ್ಪನಿಗೆ ಗೊತ್ತಾದರೆ ನನ್ನನ್ನು ಗಿಡದ ಹಾಗೆ ಬೇಲಿಯಾಚೆ ನೆಡುತ್ತಾರೆ" ಎಂದೂ ಬರೆದೆ. ಆ ಕಾಗದವನ್ನು ತಮ್ಮ ತನ್ನ ಪುಸ್ತಕದಲ್ಲಿ ಆ ಗಿಡದ ಪುಟಕ್ಕೇ ಗುಂಡುಸೂಜಿಯಿಂದ ಚುಚ್ಚಿ ಇಟ್ಟುಕೊಂಡ. ಆ ಪುಸ್ತಕದಲ್ಲೆಲ್ಲ ಅವನಿಗೆ ಅತ್ಯಂತ ಪ್ರೀತಿಯ ಪುಟ ಅದು.

ನಾನು ಹಳೇಬೀಡಿಗೆ ವಾಪಸಾದ ಕೆಲವು ತಿಂಗಳಿಗೆ ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬಂದರು. ಗಂಡು ಬೇಲೂರಿನ ಒಂದು ಆಫೀಸಿನಲ್ಲಿ ಗುಮಾಸ್ತ. ಅವನ ಸೋದರಮಾವ ಯಾರೆಂದರೆ ಅದೇ ಪಂಡಿತರು. ತಮ್ಮನಿಗೆ ಆ ದಿನ ನನ್ನ ಮದುವೆಗಿಂತ ತನ್ನ ಪುಸ್ತಕದ ಮದುವೆಯೇ ದೊಡ್ಡದಾಗಿ ಕಂಡಿರಬೇಕು. ಬೆಳಗ್ಗೆಯಿಂದ ಅದರ ರಟ್ಟನ್ನು ಒರೆಸುತ್ತಿದ್ದ. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ಬಂದವರನ್ನು ನೋಡಿದೆ. ಗಂಡು, ಅವನ ತಾಯಿ, ಪಂಡಿತರು, ಇಷ್ಟೇ ಜನ.

ಉಪ್ಪಿಟ್ಟು, ಕೇಸರಿಬಾತು ಕೊಟ್ಟು, ನಮಸ್ಕಾರ ಮಾಡಿ, ಗೋಡೆಗೊರಗಿ ನಿಂತೆ. ಹಾಡು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು. ತಮ್ಮ ಪುಸ್ತಕವನ್ನು ಪಂಡಿತರ ಕೈಗಿಟ್ಟ.

ಪಂಡಿತರು ಎಡಗೈಯಲ್ಲಿ ಪುಟ ತಿರುಗಿಸುತ್ತ, ಬಲಗೈಯಲ್ಲಿ ಉಪ್ಪಿಟ್ಟು ತಿನ್ನುತ್ತ ಬಂದರು. ಲೋಕದ ಹೆಸರುಗಳೆಲ್ಲ ಸಂಸ್ಕೃತದಲ್ಲಿ ಹುಟ್ಟಿದವು, ಹುಟ್ಟದೆ ಇರುವವು ದಾರಿ ತಪ್ಪಿದವು ಎನ್ನುವುದು ಅವರ ಮತ. ತುಂಬೆಯ ಪುಟದಲ್ಲಿ ದ್ರೋಣಪುಷ್ಪಿ ಎಂದಿದ್ದದ್ದನ್ನು ನೋಡಿ ತಲೆದೂಗಿದರು. ಎಕ್ಕದಲ್ಲಿ ಅರ್ಕ ಕಂಡು ಕೇಸರಿಬಾತು ಇನ್ನೊಂದು ಚೂರು ಹಾಕಿಸಿಕೊಂಡರು. ಪಾಪಾಸುಕಳ್ಳಿಗೆ ಬಂದಾಗ ಕೈ ನಿಂತಿತು.

"ಇದೇನಯ್ಯ, ಪಾದರಕ್ಷೆ ಅಂತ ಬರೆದಿದ್ದೀಯ?"

"ಹೌದು. ಪಾಪಾಸು ಅಂದರೆ ಚಪ್ಪಲಿ. ಫಾರ್ಸಿಯಿಂದ ಬಂದದ್ದು."

"ತಿಂಡಿ ಹೊತ್ತಿನಲ್ಲಿ ಅದನ್ನೆಲ್ಲ ಯಾಕೆ ಎತ್ತುತ್ತೀಯೋ" ಎಂದರು ನಮ್ಮ ತಂದೆ.

"ಎತ್ತಲಿ ಬಿಡಿ, ಇಳಿಸೋಣ" ಎಂದರು ಪಂಡಿತರು. "ನೋಡಪ್ಪ, ಅದು ಪಾಪನಾಶಕಳ್ಳಿ. ಪಾಪವನ್ನು ನಾಶ ಮಾಡುವಂಥದ್ದು. ಪಾಮರರ ಬಾಯಲ್ಲಿ ಸವೆದು ಪಾಪಾಸು ಆಗಿದೆ."

"ಆದರೆ ಈ ಗಿಡ ಹೊರದೇಶದಿಂದ ಹಡಗಿನಲ್ಲಿ ಬಂದದ್ದಂತಲ್ಲ. ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಇದರ ಹೆಸರೇ ಇಲ್ಲ ಅನ್ನುತ್ತಾರೆ."

"ಹೊರದೇಶಕ್ಕೆ ಎಲ್ಲಿಂದ ಹೋಯಿತು? ಇಲ್ಲಿಂದ ಹೋದದ್ದು ತವರಿಗೆ ಬಂದಿದೆ, ಅಷ್ಟೇ."

ಈ ಉತ್ತರಕ್ಕೆ ಎದುರು ಉತ್ತರ ಇಂದಿಗೂ ನನಗೆ ಹೊಳೆದಿಲ್ಲ. ಗಂಡಿನ ತಾಯಿ ಅಣ್ಣನ ಜಾಣತನಕ್ಕೆ ಕಣ್ಣರಳಿಸಿದರು. ತಮ್ಮ ಅಷ್ಟಕ್ಕೆ ಸುಮ್ಮನಾಗಿದ್ದರೆ ನಾಲ್ಕು ಸಾಲು ಸಿಕ್ಕಿಬಿಡುತ್ತಿತ್ತು. ಅವನು ಸುಮ್ಮನಾಗಲಿಲ್ಲ. 'ಹೇಳಿದವರು' ಎನ್ನುವ ಮನೆಯ ಮೇಲೆ ಬೆರಳಿಟ್ಟ.

"ಇದು ಊಹೆಯಲ್ಲ. ಅರಸೀಕೆರೆ ಪೇಟೆಯ ಚಪ್ಪಲಿ ಅಂಗಡಿಯ ಸಾಬರು ಹೇಳಿದ್ದು."

"ನಿನಗೆ ಹೇಳಿದರೋ?"

"ನನಗಲ್ಲ. ನಮ್ಮ ಅಕ್ಕನಿಗೆ."

ಬಾಯಿಂದ ಮಾತು ಹೊರಟ ಮೇಲೆ ಅವನಿಗೆ ಗೊತ್ತಾಯಿತು. ಗಂಡಿನ ತಾಯಿ ಲೋಟ ಕೆಳಗಿಟ್ಟರು. "ಹುಡುಗಿ ಚಪ್ಪಲಿ ಅಂಗಡಿಯಲ್ಲಿ ಕೂತು ಮಾತಾಡಿದ್ದಳೋ?" ಎಂದು ನಮ್ಮ ತಂದೆಯನ್ನು ಕೇಳಿದರು. ಪೂಜೆ ಮಾಡುವವರ ಮನೆಯ ಮದುವೆ ವಯಸ್ಸಿನ ಹುಡುಗಿ, ತೊಗಲಿನ ಅಂಗಡಿ, ಸಾಬರ ಮನೆ. ಇದರಲ್ಲಿ ಯಾವುದು ಹೆಚ್ಚು ದೊಡ್ಡ ಅಪರಾಧ ಎಂದು ಅವರು ಲೆಕ್ಕ ಹಾಕುತ್ತಿದ್ದ ಹಾಗಿತ್ತು. ಟೀ ವಿಷಯ ಇನ್ನೂ ಬಂದಿರಲಿಲ್ಲ.

ತಂದೆ ನನ್ನ ಕಡೆ ತಿರುಗಿದರು. "ಏನೇ, ಹೋಗಿದ್ದೆಯಾ?"

ತಮ್ಮ ನನ್ನನ್ನೇ ನೋಡುತ್ತಿದ್ದ. ಅವನ ಪುಸ್ತಕ ನಿಲ್ಲುವುದೂ ಬೀಳುವುದೂ ಈಗ ನನ್ನ ಬಾಯಲ್ಲಿತ್ತು. ಹೌದು ಎಂದರೆ ಸಾಕಿತ್ತು.

"ಇಲ್ಲಪ್ಪ" ಎಂದೆ. "ನಾನು ಚಿಕ್ಕಮ್ಮನ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ."

ಇಷ್ಟಕ್ಕೆ ನಿಲ್ಲಿಸಿದ್ದರೂ ಒಂದು ಮಾತಿತ್ತು. ಯಾರೂ ಕೇಳದೆ ಇದ್ದದ್ದನ್ನೂ ಸೇರಿಸಿದೆ. "ಅವನಿಗೆ ಮೊದಲಿನಿಂದ ಹೀಗೆ ಕಟ್ಟಿ ಹೇಳೋ ಅಭ್ಯಾಸ."

ತಮ್ಮನ ಬೆರಳು ಇನ್ನೂ ಪುಟದ ಮೇಲೇ ಇತ್ತು. ಆ ಬೆರಳಿನ ಕೆಳಗೇ ಗುಂಡುಸೂಜಿ ಚುಚ್ಚಿದ ನನ್ನ ಕಾಗದ. ನನ್ನ ಕೈಬರಹ, ನನ್ನ ರುಜು, ಮಣೆ, ಟೀ, ಎಲ್ಲ ಅದರಲ್ಲಿತ್ತು. ಅದನ್ನು ಬಿಡಿಸಿ ಓದಿದ್ದರೆ ಒಂದು ನಿಮಿಷದ ಕೆಲಸ. ಅವನು ಕಾಗದವನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ, ಪುಸ್ತಕ ಮುಚ್ಚಿದ.

"ಅಕ್ಕ ಹೇಳೋದೇ ಸರಿ. ನಾನೇ ಏನೋ ತಪ್ಪು ಬರೆದಿದ್ದೇನೆ" ಎಂದ.

"ಒಂದು ಸಾಕ್ಷಿ ಸುಳ್ಳಾದ ಮೇಲೆ ಉಳಿದದ್ದಕ್ಕೆ ಯಾರಪ್ಪ ಹೊಣೆ?" ಎಂದು ಪಂಡಿತರು ಕೈ ತೊಳೆಯಲು ಎದ್ದರು. ನಾಲ್ಕು ಸಾಲಿನ ಮಾತು ಅಲ್ಲಿಗೆ ಮುಗಿಯಿತು.

ವಾರದೊಳಗೆ ಬೇಲೂರಿನಿಂದ ಒಪ್ಪಿಗೆ ಬಂತು. ಹಾಡು ಬರದ, ನಾಲ್ಕನೆಯ ತರಗತಿಯ ನನ್ನನ್ನು ಒಪ್ಪಿದ್ದಕ್ಕೆ ಪಂಡಿತರು ಕೊಟ್ಟ ಕಾರಣ ಹೀಗಿತ್ತು: "ಹುಡುಗಿ ಸತ್ಯವಂತೆ. ಒಡಹುಟ್ಟಿದವನೆಂದೂ ದಾಕ್ಷಿಣ್ಯ ನೋಡಲಿಲ್ಲ." ತಂದೆ ಇದನ್ನು ಸಿಕ್ಕಿದವರಿಗೆಲ್ಲ ಹೇಳಿ ಹೆಮ್ಮೆಪಟ್ಟರು. ತಮ್ಮ ಮದುವೆಯಲ್ಲಿ ಚಪ್ಪರಕ್ಕೆ ಸೊಪ್ಪು ಕಟ್ಟಿದ, ಬಂದವರಿಗೆ ನೀರು ಕೊಟ್ಟ, ಎಲ್ಲ ಮಾಡಿದ. ಪುಸ್ತಕವನ್ನು ಅಟ್ಟಕ್ಕೆ ಹಾಕಿದ್ದನ್ನು ನಾನು ಗಂಡನ ಮನೆಗೆ ಹೊರಡುವ ದಿನ ನೋಡಿದೆ.

ಬೇಲೂರಿನಲ್ಲಿ ಪಂಡಿತರ ಮನೆಯೇ ನಮ್ಮ ಮನೆ. ವರ್ಷದೊಳಗೆ ಅವರು ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದರು. ಪವಿತ್ರ ವೃಕ್ಷಗಳನ್ನು ಕುರಿತದ್ದು. ಅದರಲ್ಲಿ ಅರಳಿ, ಬಿಲ್ವ, ಬನ್ನಿಯ ಸಾಲಿನಲ್ಲಿ ಪಾಪನಾಶಕಳ್ಳಿಯೂ ಕೂತಿತು. ಬರೆದ ಮೇಲೆ ಮನೆಯಲ್ಲಿ ಇರಬೇಡವೇ? ಹಾರನಹಳ್ಳಿಯ ದಾರಿಯ ಒಂದು ಬೇಲಿಯಿಂದ ನಾಲ್ಕು ಬಿಲ್ಲೆ ಕೀಳಿಸಿ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತರಿಸಿದರು. "ಜನದ ಪಾಪ ಆಮೇಲೆ ಕಳೀರಿ ಸ್ವಾಮಿ, ಮೊದ್ಲು ಈ ಮೂಟೆನ ನನ್ನ ಕಾಲ ಹತ್ರದಿಂದ ತೆಗೀರಿ" ಎಂದನಂತೆ ಕಂಡಕ್ಟರು. ಹಿತ್ತಲಲ್ಲಿ ತುಳಸಿಕಟ್ಟೆಯ ಪಕ್ಕಕ್ಕೆ ನೆಟ್ಟು ಅರಿಸಿನ ಕುಂಕುಮ ಹಚ್ಚಿದರು. ಮುಳ್ಳಿನ ನಡುವೆ ಕುಂಕುಮ ಇಡುವುದು ಸೊಸೆಯ ಕೆಲಸ. ನನ್ನ ಬೆರಳ ತುದಿ ಯಾವಾಗಲೂ ಊದಿಕೊಂಡಿರುತ್ತಿತ್ತು.

ಹೊತ್ತಗೆ ಓದಿದವರು, ಓದಿದವರಿಂದ ಕೇಳಿದವರು ನೋಡಲು ಬರತೊಡಗಿದರು. ಕಣಕಟ್ಟೆಯ ಕಡೆಯ ಒಬ್ಬ ರೈತ ಗಿಡವನ್ನು ಬಹಳ ಹೊತ್ತು ನೋಡಿ, "ಇದು ನಮ್ಮ ಹೊಲದ ಸುತ್ತಾನೂ ಐತೆ ಸ್ವಾಮಿ. ನಮ್ಮ ಪಾಪ ಹಂಗೇ ಐತಲ್ಲ" ಎಂದ.

"ಪ್ರದಕ್ಷಿಣೆ ಹಾಕುತ್ತೀಯೇನಪ್ಪ?" ಎಂದರು ಪಂಡಿತರು.

"ಬೇಲಿ ಸುತ್ತ ದಿನಾ ಓಡಾಡ್ತೀನಿ."

"ಯಾವ ಕಡೆಯಿಂದ?"

ರೈತ ಯೋಚಿಸಿ, ಕೈ ತಿರುಗಿಸಿ ತೋರಿಸಿದ. ಅದು ಅಪ್ರದಕ್ಷಿಣೆಯಾಗಿತ್ತು.

"ಮತ್ತೆ?" ಎಂದರು ಪಂಡಿತರು. ಅವನು ತಪ್ಪೊಪ್ಪಿಕೊಂಡು ಹೋದ. ಒಪ್ಪಿಕೊಳ್ಳುವುದು ಅವನಿಗೆ ಎಷ್ಟು ಸುಲಭವಾಯಿತು ಎಂದು ನಾನು ಬಾಗಿಲಲ್ಲಿ ನಿಂತು ಅಸೂಯೆಪಟ್ಟೆ.

ನನ್ನ ಮೊದಲ ಮಗುವಿನ ನಾಮಕರಣಕ್ಕೆ ತಮ್ಮ ಬಂದ. ಬೆಳಗ್ಗೆ ನಾನು ಸುತ್ತು ಹಾಕುವಾಗ ಹಿತ್ತಲ ಬಾಗಿಲಲ್ಲಿ ಬಂದು ನಿಂತ. "ಅಕ್ಕ, ಇದಕ್ಕೆ ಸುತ್ತು ಬರುವಾಗ ಚಪ್ಪಲಿಯನ್ನು ಹೊರಗೆ ಬಿಡಬೇಕೋ, ಹಾಕಿಕೊಂಡೇ ಸುತ್ತಬಹುದೋ?" ಎಂದ. ಮುಖದಲ್ಲಿ ನಗುವಿರಲಿಲ್ಲ. ಹೊಸ ಹೆಸರೇನಾದರೂ ಸಿಕ್ಕಿತೇ ಎಂದು ಕೇಳಿದೆ. "ಮಕ್ಕಳಿಗೆ ಮಗ್ಗಿ ಬಂದರೆ ಸಾಕಾಗಿದೆ" ಎಂದ. ಅನಂತರ ಅವನಿಗೆ ಅರೇಹಳ್ಳಿಗೆ ವರ್ಗವಾಯಿತು. ಅಲ್ಲಿ ನೂರು ಗಿಡ, ಹತ್ತು ಕಡೆಯ ಕೂಲಿ ಜನ, ಅವನ ಪುಸ್ತಕಕ್ಕೆ ಬೇಕಾದದ್ದೆಲ್ಲ ಇತ್ತು. ಅವನು ಪುಸ್ತಕವನ್ನು ಅಟ್ಟದಿಂದ ಇಳಿಸಲಿಲ್ಲ ಎಂದು ನಮ್ಮ ತಾಯಿ ಹೇಳಿದರು.

ಅರವತ್ತರ ದಶಕದ ನಡುವೆ, ಶಬ್ದಗಳ ಅರ್ಥ ಕಲೆಹಾಕುತ್ತ ಊರೂರು ತಿರುಗುವ ಒಬ್ಬರು ನಮ್ಮ ಮನೆಗೆ ಬಂದರು. ಪಂಡಿತರು ಮೈ ಸರಿಯಿಲ್ಲದೆ ಒಳಗೆ ಮಲಗಿದ್ದರು. ಮನೆಯವರು ಆಫೀಸಿಗೆ ಹೋಗಿದ್ದರು. ಬಂದವರು ಕಿರುಹೊತ್ತಗೆಯನ್ನು ಹಿಡಿದು, "ಈ ಪಾಪನಾಶ ಅನ್ನೋದು ಪಂಡಿತರು ಎಲ್ಲಿಂದ ಪಡೆದರು, ಗೊತ್ತೇ ತಾಯಿ?" ಎಂದು ಕೇಳಿದರು. ಕಾಫಿ ಲೋಟ ಕೊಟ್ಟು ನಾನು ಮೆಲ್ಲಗೆ, "ಅದು ಸುಳ್ಳು. ಪಾಪಾಸು ಅಂದರೆ ಚಪ್ಪಲಿ. ನಾನೇ ಕೇಳಿದ್ದೇನೆ" ಎಂದೆ. ಜೀವನದಲ್ಲಿ ಮೊದಲ ಸಲ ಅಷ್ಟು ಧೈರ್ಯ. ಅವರು ಕಾಫಿ ಕುಡಿದು, ಸಂಕೋಚದಿಂದ, "ಇರಬಹುದು ತಾಯಿ. ಆದರೆ ಇದು ಅಚ್ಚಾಗಿದೆಯಲ್ಲ" ಎಂದು ಹೊರಟುಹೋದರು.

ಮರುವಾರ ಒಂದು ನೆಪ ಮಾಡಿಕೊಂಡು ಅರೇಹಳ್ಳಿಯ ಬಸ್ಸು ಹತ್ತಿದೆ. ತಮ್ಮನ ಮನೆಯಲ್ಲಿ ಊಟ ಮಾಡಿದೆ, ಅವನ ಮಕ್ಕಳ ತಲೆ ಬಾಚಿದೆ. ಸಂಜೆ ಬಸ್ಸಿಗೆ ಬಿಡಲು ಬಂದ. ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತ ಮೇಲೆ ಹೇಳಿದೆ.

"ಅವತ್ತು ನಾನು ಸುಳ್ಳು ಹೇಳಿದೆ ಕಣೋ."

"ಅದು ನನಗೂ ಗೊತ್ತು, ನಿನಗೂ ಗೊತ್ತು. ಇಷ್ಟು ವರ್ಷ ಆದ ಮೇಲೆ ಈಗೇನು."

"ಹೇಳಬೇಕು ಅನ್ನಿಸಿತು."

"ಹೋಗಲಿ ಬಿಡು. ಅಪ್ಪ ಎದುರಿಗೆ ನಿಂತಿದ್ದರು. ಟೀ ವಿಷಯ ಗೊತ್ತಾಗಿದ್ದರೆ ನಿನ್ನನ್ನು ಮನೆಯೊಳಗೆ ಸೇರಿಸುತ್ತಿದ್ದರೋ ಇಲ್ಲವೋ. ನೀನಾದರೂ ಏನು ಮಾಡಬೇಕಿತ್ತು? ಹೆದರಿದ್ದೆ, ಹೇಳಿದೆ."

ಅಲ್ಲಿ ಹೌದು ಎಂದುಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವನೇ ನನಗಾಗಿ ಕಾರಣ ಹುಡುಕಿ, ತೊಳೆದು, ಮಡಿಸಿ ಇಟ್ಟಿದ್ದ. ಆದರೆ ಹೇಳಲೆಂದು ಬಂದದ್ದನ್ನು ಅರ್ಧ ಹೇಳಿದರೆ ಅದೂ ಒಂದು ಸುಳ್ಳಾಗುತ್ತಿತ್ತು.

"ಅಪ್ಪನಿಗೆ ಹೆದರಿ ಅಲ್ಲ ಕಣೋ" ಎಂದೆ. "ಅಪ್ಪ ಎರಡು ದಿನ ಕೂಗಾಡಿ, ತಲೆಗೆ ನೀರು ಹಾಕಿಸಿ ಸುಮ್ಮನಾಗುತ್ತಿದ್ದರು. ಅದು ನನಗೆ ಗೊತ್ತಿತ್ತು."

"ಮತ್ತೆ?"

"ಗಂಡು ಚೆನ್ನಾಗಿದ್ದ. ಬಾಗಿಲ ಸಂದಿಯಿಂದ ನೋಡಿದ್ದೆ. ಕೈತಪ್ಪಿ ಹೋಗೋದು ಬೇಡ ಅನ್ನಿಸಿತು."

ಅಡಿಕೆ ಮೂಟೆ ಹೊತ್ತ ಇಬ್ಬರು ಬಂದು ನಮ್ಮ ಪಕ್ಕದಲ್ಲಿ ಮೂಟೆ ಇಳಿಸಿ, ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು. ತಮ್ಮ ಅವರಿಗೆ ಉತ್ತರ ಹೇಳಿ, ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದ.

"ಇದು ಗೊತ್ತಿದ್ದರೆ ಅವತ್ತೇ ಕಾಗದ ತೆಗೆದು ಓದಿಬಿಡುತ್ತಿದ್ದೆ."

"ಓದಬೇಕಿತ್ತು" ಎಂದೆ.

ಬಸ್ಸು ಬಂತು. ನಾನು ಕಿಟಕಿಯ ಪಕ್ಕ ಕೂತೆ. ಅವನು ನನ್ನ ಚೀಲವನ್ನು ಕೈಗೆ ಕೊಟ್ಟ, ಹೋಗಿ ಬಾ ಎನ್ನಲಿಲ್ಲ. ಅದು ಸರಿಯೇ. ಅಷ್ಟು ವರ್ಷ ಅವನು ಕ್ಷಮಿಸುತ್ತ ಬಂದದ್ದು ಅಪ್ಪನಿಗೆ ಹೆದರಿದ್ದ ಬೇರೆ ಯಾವಳೋ ಅಕ್ಕನನ್ನು. ನನ್ನನ್ನು ಕ್ಷಮಿಸಬೇಕೋ ಬೇಡವೋ ಎಂದು ಅವನು ಆ ಸಂಜೆಯಿಂದ ಯೋಚಿಸಲು ಶುರು ಮಾಡಬೇಕಿತ್ತು.